ಮುಖ ಬಿಟ್ಟು ಕಾಲು ನೋಡುವ ಕ್ಯಾಮೆರಾ

ಅಪ್ಪ ಹೋದ ವರ್ಷ ನನಗೆ ನಿದ್ದೆ ಬರುತ್ತಿರಲಿಲ್ಲ. ರಾತ್ರಿಯೆಲ್ಲ ಲ್ಯಾಪ್‌ಟಾಪಿನಲ್ಲಿ ಸಿಕ್ಕಿದ್ದನ್ನು ನೋಡುತ್ತಿದ್ದೆ. ಹಾಗೆ ಸಿಕ್ಕಿದ್ದು ಡೋರಿಸ್ ವಿಶ್‌ಮನ್ ಎಂಬ ಅಮೆರಿಕದ ನಿರ್ದೇಶಕಿಯ ‘ಬ್ಯಾಡ್ ಗರ್ಲ್ಸ್ ಗೋ ಟು ಹೆಲ್’, 1965ರ ಕಪ್ಪುಬಿಳುಪು ಸಿನೆಮಾ. ಪಾತ್ರ ಮಾತಾಡುತ್ತಿದ್ದರೆ ಕ್ಯಾಮೆರಾ ಮುಖ ಬಿಟ್ಟು ಕಾಲು ನೋಡುತ್ತದೆ, ಇಲ್ಲವೇ ಕೋಣೆಯ ಯಾವುದೋ ಸಾಮಾನು. ಇದೇನೋ ಹೊಸ ಶೈಲಿ ಎಂದುಕೊಂಡೆ. ಆಮೇಲೆ ಓದಿ ತಿಳಿಯಿತು: ಶೂಟಿಂಗಿನಲ್ಲಿ ಧ್ವನಿ ಹಿಡಿಯುತ್ತಿರಲಿಲ್ಲ, ಮಾತೆಲ್ಲ ಆಮೇಲೆ ಡಬ್ಬಿಂಗ್. ತುಟಿ ಕಾಣದಿದ್ದರೆ ಹೊಂದಿಸುವ ತಾಪತ್ರಯವೂ ಇಲ್ಲ, ಖರ್ಚೂ ಇಲ್ಲ.

1958ರಲ್ಲಿ ಆಕೆಯ ಗಂಡ ಹೃದಯಾಘಾತದಿಂದ ತೀರಿಕೊಂಡ. ಹೊತ್ತು ಕಳೆಯಲು ಏನಾದರೂ ಬೇಕಿತ್ತು. ಸೋದರಿಯಿಂದ ಸಾಲ ತಂದು ಸಿನೆಮಾ ಮಾಡಿದಳು. ನಗ್ನಶಿಬಿರದ ಚಿತ್ರ ಅಶ್ಲೀಲವಲ್ಲವೆಂದು ನ್ಯೂಯಾರ್ಕಿನ ನ್ಯಾಯಾಲಯವೊಂದು 1957ರಲ್ಲಿ ತೀರ್ಪು ಕೊಟ್ಟಿತ್ತು. ಆ ಕಿಂಡಿಯಲ್ಲಿ ನುಸುಳಿದವರಲ್ಲಿ ಈಕೆಯೂ ಒಬ್ಬಳು. 1961ರ ‘ನ್ಯೂಡ್ ಆನ್ ದ ಮೂನ್’ನಲ್ಲಿ ಶಿಬಿರವನ್ನು ಚಂದ್ರನಿಗೇ ಸಾಗಿಸಿದಳು. ಚಂದ್ರಲೋಕವೆಂದು ತೋರಿಸಿದ್ದು ಫ್ಲೋರಿಡಾದ ಕೋರಲ್ ಕ್ಯಾಸಲ್! ತೀರ್ಪು ಭೂಮಿಯ ಶಿಬಿರಗಳಿಗೆ ಮಾತ್ರ ಅನ್ವಯ ಎಂಬಂತೆ ನ್ಯೂಯಾರ್ಕಿನ ಸೆನ್ಸಾರ್ ಅದನ್ನು ತಡೆಯಿತು.

ಹೆಂಗಸೊಬ್ಬಳು ಆ ಗಂಡಸರ ಮಾರುಕಟ್ಟೆಯಲ್ಲಿ ಉಳಿದಳೆಂದು ಈಗ ಕೆಲವರು ಆಕೆಯನ್ನು ಸ್ತ್ರೀವಾದಿ ಎನ್ನುತ್ತಾರೆ. ನನಗೆ ಅಷ್ಟು ಸುಲಭವಾಗಿ ಒಪ್ಪಲಾಗದು. ‘ಡೆಡ್ಲಿ ವೆಪನ್ಸ್’ನಲ್ಲಿ ನಾಯಕಿಯ ಎದೆಯೇ ಆಯುಧ, ಪೋಸ್ಟರಿನಲ್ಲಿ ಮಾರಿದ್ದೂ ಅದನ್ನೇ. ಆದರೂ ‘ಬ್ಯಾಡ್ ಗರ್ಲ್ಸ್’ ಬಿಡುವುದಿಲ್ಲ. ಅತ್ಯಾಚಾರಿಯನ್ನು ಕೊಂದು ಊರು ಬಿಟ್ಟ ಗೃಹಿಣಿಗೆ ಹೋದಲ್ಲೆಲ್ಲ ಅದೇ ಹಿಂಸೆ. ಕೊನೆಗೆ ಎಚ್ಚರವಾಗುತ್ತದೆ, ಎಲ್ಲ ಕನಸು. ಉಸಿರು ಬಿಡುವಷ್ಟರಲ್ಲಿ ಮೊದಲಿನದೇ ಮತ್ತೆ ಶುರು. ಬಯಸಿ ಬಂದ ಗಂಡಸರಿಗೆ ಇದನ್ನೂ ನೋಡಿಸಿದಳಲ್ಲ!

‘ಎ ನೈಟ್ ಟು ಡಿಸ್‌ಮೆಂಬರ್’ ಚಿತ್ರದ ನೆಗೆಟಿವ್ ಲ್ಯಾಬಿನಲ್ಲಿ ಹಾಳಾಯಿತೆನ್ನುತ್ತಿದ್ದಳು. ಉಳಿದ ಚೂರುಗಳಿಗೆ ನಿರೂಪಕನ ದನಿ ಸೇರಿಸಿ ಬಿಡುಗಡೆಗೆ ಸಿದ್ಧಮಾಡಿದಳು. ಮುಂದೆ ಫ್ಲೋರಿಡಾದಲ್ಲಿ ಲೈಂಗಿಕ ಸಾಮಗ್ರಿಗಳ ಅಂಗಡಿಯಲ್ಲಿ ಕೆಲಸ. ಎಂಬತ್ತು ದಾಟಿದ ಮೇಲೆ ಮತ್ತೆ ಚಿತ್ರ ಹಿಡಿದಳು. 2002ರ ಆಗಸ್ಟಿನಲ್ಲಿ ತೀರಿಕೊಂಡಾಗ ಕೊನೆಯದು ಇನ್ನೂ ಮುಗಿದಿರಲಿಲ್ಲ.

ಆ ರಾತ್ರಿ ನೀರು ಕುಡಿಯಲು ಎದ್ದ ಅಮ್ಮ ಹಿಂದೆ ಬಂದು ನಿಂತಿದ್ದಳು. ಪುಣ್ಯಕ್ಕೆ ಪರದೆಯ ಮೇಲೆ ಬರೀ ಕಾಲು.

“ಯಾರೋ ಅದು ಮಾತಾಡ್ತಿರೋದು?”

“ಗೊತ್ತಿಲ್ಲಮ್ಮ.”

ಅವಳು ಲೋಟ ಹಿಡಿದು ಪಕ್ಕದಲ್ಲೇ ಕೂತಳು. ನಾನು ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದೆ.