ಕೆಂಬಂಡೆಯ ಮೆಟ್ಟಿಲೂ ಬೆನ್ನಿನ ಚೀಲವೂ

ಅಮೆರಿಕದ ಕೊಲೊರಾಡೊ ಸಂಸ್ಥಾನದ ರಾಜಧಾನಿಯಾದ ಡೆನ್ವರ್ ನಗರವನ್ನು ಬಿಟ್ಟು ಪಶ್ಚಿಮಕ್ಕೆ ಹೊರಟ ಪ್ರವಾಸಿ ಬಹಳ ದೂರ ಹೋಗಬೇಕಾಗಿಲ್ಲ. ಬಯಲುಸೀಮೆ ಮುಗಿದು ರಾಕಿ ಪರ್ವತಗಳ ತಪ್ಪಲು ಆರಂಭವಾಗುವ ಗಡಿಯಲ್ಲಿ, ಮಾರಿಸನ್ ಎಂಬ ಸಣ್ಣ ಊರಿನ ಮಗ್ಗುಲಿಗೆ, ನೆಲವನ್ನು ಸೀಳಿಕೊಂಡು ಎದ್ದಂತೆ ಕೆಂಪು ಬಂಡೆಗಳು ಓರೆಯಾಗಿ ನಿಂತಿವೆ. ಬಾದಾಮಿಯ ಮರಳುಗಲ್ಲನ್ನು ಕಂಡ ಕನ್ನಡಿಗನಿಗೆ ಆ ಬಣ್ಣ ಹೊಸದಲ್ಲ. ಹೊಸದೆನಿಸುವುದು ಅವುಗಳ ನಿಲುವು. ಸುಮಾರು 300 ಅಡಿ ಎತ್ತರದ ಎರಡು ಮಹಾಬಂಡೆಗಳು ಎದುರುಬದುರಾಗಿ ನಿಂತು, ನಡುವೆ ಇಳಿಜಾರಾದ ಒಂದು ಅಂಗಳವನ್ನು ಕಾಯುತ್ತಿವೆ. ಒಂದಕ್ಕೆ ಹಡಗಿನ ಹೆಸರು, ಇನ್ನೊಂದಕ್ಕೆ ಸೃಷ್ಟಿಯ ಹೆಸರು. ಈ ಅಂಗಳವೇ ಜಗತ್ಪ್ರಸಿದ್ಧವಾದ ರೆಡ್ ರಾಕ್ಸ್ ಬಯಲು ರಂಗಮಂದಿರ.

ಇಲ್ಲಿ ದನಿ ಚೆನ್ನಾಗಿ ಮೊಳಗುತ್ತದೆಂಬುದನ್ನು ಮೊದಲು ಲಾಭಕ್ಕೆ ತಂದುಕೊಂಡವನು ಜಾನ್ ಬ್ರಿಸ್ಬೆನ್ ವಾಕರ್ ಎಂಬ ಶ್ರೀಮಂತ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಅವನು ತಾತ್ಕಾಲಿಕ ವೇದಿಕೆ ಹಾಕಿಸಿ ಕಚೇರಿಗಳನ್ನು ನಡೆಸಿದ್ದನು. ಅವನಿಂದ ಡೆನ್ವರ್ ನಗರಾಡಳಿತವು 1928ರಲ್ಲಿ ಈ ಸ್ಥಳವನ್ನು ಕೊಂಡಿತು. ಬರ್ನ್‌ಹ್ಯಾಮ್ ಹಾಯ್ಟ್ ಎಂಬ ವಾಸ್ತುಶಿಲ್ಪಿ ನಕ್ಷೆ ಬರೆದನು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ನಿರುದ್ಯೋಗಿ ತರುಣರಿಗಾಗಿ ಸರ್ಕಾರ ಕಟ್ಟಿದ ದಳದವರು ಕಲ್ಲು ಹೊತ್ತರು. 1941ರ ಜೂನ್ 15ರಂದು ಪ್ರಾರಂಭೋತ್ಸವವಾಯಿತು. ಹಾಯ್ಟನ ವಿವೇಕವನ್ನು ಮೆಚ್ಚಲೇಬೇಕು. ಎರಡು ಬಂಡೆಗಳ ಎದುರಿಗೆ ತನ್ನ ಕಟ್ಟಡ ತಲೆಯೆತ್ತದಂತೆ ಅವನು ನೋಡಿಕೊಂಡನು. ಈಗ ಒಂಬತ್ತು ಸಾವಿರಕ್ಕೂ ಮೇಲ್ಪಟ್ಟು ಜನ ಇಲ್ಲಿ ಸಾಲು ಸಾಲಾಗಿ ಕುಳಿತು, ವೇದಿಕೆಯ ಆಚೆ ಬಯಲಿನಲ್ಲಿ ಡೆನ್ವರ್ ನಗರದ ದೀಪಗಳು ಹೊತ್ತಿಕೊಳ್ಳುವುದನ್ನು ನೋಡುತ್ತ ಸಂಗೀತವನ್ನು ಆಲಿಸುತ್ತಾರೆ.

ಆದರೆ ಈ ಸುಖಕ್ಕೆ ಮೊದಲು ಸುಂಕ ತೆರಬೇಕು. ಸ್ಥಳವು ಸಮುದ್ರಮಟ್ಟದಿಂದ 6,450 ಅಡಿ ಮೇಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ನೂರು ಅಡಿ ಮಿಗಿಲು. ಗಾಳಿ ತೆಳುವು. ವಾಹನಗಳನ್ನು ಕೆಳಗೆಲ್ಲೋ ನಿಲ್ಲಿಸಿ ಏರುದಾರಿಯಲ್ಲಿ ನಡೆಯಬೇಕು. ರಂಗಮಂದಿರದ ಬುಡದಿಂದ ತುದಿಗೆ ಸುಮಾರು 380 ಮೆಟ್ಟಿಲುಗಳು. ಬಯಲುಸೀಮೆಯಿಂದ ಆ ದಿನವೇ ಬಂದವನು ಅರ್ಧ ದಾರಿಯಲ್ಲಿ ಜೂನಿಪರ್ ಗಿಡದ ಪಕ್ಕ ನಿಂತು, ದೃಶ್ಯವನ್ನು ಸವಿಯುತ್ತಿರುವವನಂತೆ ನಟಿಸಿ ಉಸಿರು ತೆಗೆದುಕೊಳ್ಳುತ್ತಾನೆ.

ಬರಿಗೈಯಲ್ಲಿ ಬಂದವರ ಪಾಡೇ ಹೀಗಿರುವಲ್ಲಿ, ಬೆನ್ನಮೇಲೆ ಭಾರ ಹೊತ್ತು ಇದೇ ಮೆಟ್ಟಿಲನ್ನು ಏರುವ ಒಂದು ಪಂಗಡವಿದೆ. ಇವರನ್ನು ಅಲ್ಲಿಯವರು ‘ಟೇಪರ್’ ಎಂದು ಕರೆಯುತ್ತಾರೆ. ಕಚೇರಿಯನ್ನು ತಮ್ಮದೇ ಯಂತ್ರದಲ್ಲಿ ಮುದ್ರಿಸಿಕೊಂಡು, ಕೇಳಿದವರಿಗೆಲ್ಲ ಕಾಸು ಮುಟ್ಟದೆ ಹಂಚುವ ಹವ್ಯಾಸಿಗಳು ಇವರು. ಕಳ್ಳಮಾಲಿನ ವ್ಯಾಪಾರಿಗಳೊಡನೆ ಇವರನ್ನು ಸೇರಿಸುವುದು ಅನ್ಯಾಯ. 1965ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ‘ಗ್ರೇಟ್‌ಫುಲ್ ಡೆಡ್’ ಎಂಬ ವಾದ್ಯವೃಂದವು ಒಂದು ರಾತ್ರಿ ನುಡಿಸಿದಂತೆ ಮತ್ತೊಂದು ರಾತ್ರಿ ನುಡಿಸುತ್ತಿರಲಿಲ್ಲ. ಕರ್ಣಾಟಕ ಸಂಗೀತದ ಮನೋಧರ್ಮವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ಪ್ರತಿ ರಾತ್ರಿಯ ಮುದ್ರಣಕ್ಕೂ ಬೇರೆ ಬೆಲೆ. ಈ ವೃಂದ ಇಲ್ಲಿಗೆ ಮೊದಲು ಬಂದದ್ದು 1978ರ ಜುಲೈಯಲ್ಲಿ. ಕಡೆಯ ಸಲ 1987ರ ಆಗಸ್ಟ್‌ನಲ್ಲಿ. ಧ್ವನಿ ಹೊಂದಿಸುವ ಯಂತ್ರಜ್ಞನ ಕಣ್ಣಿಗೆ ಅಡ್ಡವಾಗುವಷ್ಟು ಮೈಕಿನ ಕಂಬಗಳು ಎದ್ದುನಿಂತಾಗ, ವೃಂದದವರು ಸಿಟ್ಟಾಗಿ ನಿಷೇಧಿಸಲಿಲ್ಲ. 1984ರ ಅಕ್ಟೋಬರ್ 27ರಂದು ಬರ್ಕ್ಲಿ ನಗರದ ಕಚೇರಿಯಲ್ಲಿ ಮುದ್ರಕರಿಗೆಂದೇ ಯಂತ್ರಜ್ಞನ ಹಿಂದೆ ಪ್ರತ್ಯೇಕ ಸ್ಥಳವನ್ನು ಗೊತ್ತುಮಾಡಿದರು. ವೃಂದ 1995ರಲ್ಲಿ ಚದುರಿತು. ಪದ್ಧತಿ ಉಳಿಯಿತು. ಇಲ್ಲಿ ಹಲವು ಸಲ ಹಾಡಿರುವ ‘ವೈಡ್‌ಸ್ಪ್ರೆಡ್ ಪ್ಯಾನಿಕ್’ ಮೊದಲಾದ ವೃಂದಗಳೂ ಶ್ರೋತೃಗಳ ಮುದ್ರಣಕ್ಕೆ ಸಮ್ಮತಿಯಿತ್ತಿವೆ.

ಸಮ್ಮತಿ ದೊರೆತರೂ ಮೆಟ್ಟಿಲು ತಪ್ಪುವುದಿಲ್ಲ. ಹೊರುವ ಕಷ್ಟವಂತೂ ಧ್ವನಿಮುದ್ರಣದಷ್ಟೇ ಹಳೆಯದು. 1933ರ ಬೇಸಗೆಯಲ್ಲಿ ಜಾನ್ ಲೋಮ್ಯಾಕ್ಸ್ ತನ್ನ ಮಗ ಆಲನ್‌ನೊಡನೆ ದಕ್ಷಿಣ ಸಂಸ್ಥಾನಗಳ ಸೆರೆಮನೆಗಳಲ್ಲಿ ಜನಪದ ಗೀತೆಗಳನ್ನು ಸಂಗ್ರಹಿಸಲು ಹೊರಟಾಗ, ಫೋರ್ಡ್ ಕಾರಿನ ಹಿಂಭಾಗದಲ್ಲಿ ಕೂರಿಸಿದ್ದ ತಟ್ಟೆ ಕೊರೆಯುವ ಯಂತ್ರದ ತೂಕ 315 ಪೌಂಡು, ಎಂದರೆ ಸುಮಾರು 143 ಕಿಲೋ! ಅದನ್ನು ಹೊರಬಲ್ಲ ಚೀಲವನ್ನು ಹೊಲಿಯುವ ದರ್ಜಿ ಹುಟ್ಟಿರಲಿಲ್ಲ. 1951ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕುಡೆಲ್ಸ್‌ಕಿ ‘ನಾಗ್ರಾ’ ಯಂತ್ರವನ್ನು ರಚಿಸಿದ ಮೇಲೆ ಟೇಪ್ ರೆಕಾರ್ಡರ್ ಹೆಗಲೇರಿತು. 1980ರ ಸುಮಾರಿಗೆ ಬಂದ ಸೋನಿ ಕಂಪೆನಿಯ ಟಿ.ಸಿ.-ಡಿ5ಎಂ ಎಂಬ ಕ್ಯಾಸೆಟ್ ಯಂತ್ರವು ಬ್ಯಾಟರಿ ಬಿಟ್ಟು 1.7 ಕಿಲೋ ಮಾತ್ರ ತೂಗುತ್ತಿದ್ದು, ಟೇಪರುಗಳ ಕಣ್ಮಣಿಯಾಯಿತು. ಇಂದಿನ ರೆಕಾರ್ಡರು ಅಂಗೈಯಲ್ಲಿ ಅಡಗುತ್ತದೆ. ಹಾಗಾದರೆ ಚೀಲದ ಚಿಂತೆ ಮುಗಿಯಿತೇ ಎಂದರೆ, ಇಲ್ಲ. ಯಂತ್ರ ಕುಗ್ಗಿದಷ್ಟೂ ಅದರ ಪರಿವಾರ ಬೆಳೆದಿದೆ.

ಪರಿವಾರವೆಂದರೆ ಇಷ್ಟು: ಜೋಡಿ ಮೈಕುಗಳು; ಅವನ್ನು ಹಿಡಿದಿಡುವ ಅಡ್ಡಪಟ್ಟಿ; ಮೈಕಿನ ಕ್ಷೀಣ ಸಂಕೇತವನ್ನು ಬಲಪಡಿಸುವ ಪೆಟ್ಟಿಗೆ; ಆ ಮೈಕುಗಳಿಗೆ 48 ವೋಲ್ಟ್ ಉಣಿಸುತ್ತ ಬೇಗ ಬರಿದಾಗುವ ಬ್ಯಾಟರಿಗಳು; ಕೇಬಲ್ಲುಗಳು; ಗಾಳಿಯ ಸುಯ್ಯೆಂಬ ಸದ್ದನ್ನು ತಡೆಯುವ ಸ್ಪಂಜಿನ ಟೋಪಿಗಳು; ಇವೆಲ್ಲಕ್ಕೂ ಮೇಲಾಗಿ, ನೆರೆಯವರ ಹರಟೆಯ ಮೇಲಕ್ಕೆ ಮೈಕನ್ನು ಎತ್ತಿಹಿಡಿಯುವ ಏಳೆಂಟು ಅಡಿಯ ಮಡಚು ಸ್ಟ್ಯಾಂಡು. ಮೈಕುಗಳನ್ನು ಕೂಡಿಸುವುದರಲ್ಲೂ ಶಾಸ್ತ್ರವಿದೆ. 1960ರ ಸುಮಾರಿಗೆ ಫ್ರಾನ್ಸ್ ದೇಶದ ರೇಡಿಯೋ ಸಂಸ್ಥೆಯವರು ರೂಪಿಸಿದ ಕ್ರಮದಲ್ಲಿ ಎರಡು ಮೈಕುಗಳ ನಡುವೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ. ಮನುಷ್ಯನ ಎರಡು ಕಿವಿಗಳ ನಡುವಣ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಒಟ್ಟಿನಲ್ಲಿ ಎರಡು ಕಿವಿಗಳನ್ನು ಬೆನ್ನಮೇಲೆ ಹೊತ್ತು ಬೆಟ್ಟವೇರುವ ಕೆಲಸ ಇದು.

ಅಂಗಡಿಯಲ್ಲಿ ಚೀಲ ಕೊಳ್ಳುವವನು ಕೇಳುವ ಮೊದಲ ಪ್ರಶ್ನೆ, “ಇದರಲ್ಲಿ ಎಷ್ಟು ಹಿಡಿಸುತ್ತದೆ?” ಎಂಬುದು. ನೂರನೆಯ ಮೆಟ್ಟಿಲಿನಲ್ಲಿ ಆ ಪ್ರಶ್ನೆಯೇ ತಪ್ಪೆಂದು ತಿಳಿಯುತ್ತದೆ. ದೊಡ್ಡ ಚೀಲದ ಗುಣವೇ ಅಂಥದು. ಖಾಲಿ ಜಾಗ ಕಂಡರೆ ಕೈ ಸುಮ್ಮನಿರದು. ಇರಲೆಂದು ಎರಡನೆಯ ರೆಕಾರ್ಡರು, ಇರಲೆಂದು ಮೂರನೆಯ ಜೊತೆ ಬ್ಯಾಟರಿ, ಇರಲೆಂದು ಒಂದು ಸುತ್ತು ಕೇಬಲ್. ಮದುವೆಗೆ ಹೊರಟ ಮನೆಯ ಟ್ರಂಕಿನಂತೆ ಅದು ತುಂಬುತ್ತಲೇ ಹೋಗುತ್ತದೆ.

ಮೂರು ಬಗೆಯ ಚೀಲಗಳು ಈ ಮೆಟ್ಟಿಲುಗಳ ಮೇಲೆ ಕಾಣಸಿಗುತ್ತವೆ. ಒಂಟಿ ಹೆಗಲಿಗೆ ತೂಗುವ ಚೀಲವನ್ನು ಚಲನಚಿತ್ರದ ಧ್ವನಿಗ್ರಾಹಕರು ಬಳಸುತ್ತಾರೆ. ಮುಚ್ಚಳ ತೆರೆದರೆ ಗುಂಡಿಗಳೆಲ್ಲ ಕೈಕೆಳಗೆ, ಕೇಬಲ್ ಹೊರಡಲು ಪಕ್ಕದಲ್ಲಿ ಕಿಂಡಿ. ಸಮತಟ್ಟಾದ ಸಭಾಭವನದಲ್ಲಿ ಇದಕ್ಕೆ ಸಾಟಿಯಿಲ್ಲ. ಇಲ್ಲಿ ಮಾತ್ರ, ಏಳೆಂಟು ಕಿಲೋ ಒಂದೇ ಹೆಗಲಿಗೆ ಬಿದ್ದು, ಏರುವವನು ತಕ್ಕಡಿಯ ತಟ್ಟೆಯಂತೆ ವಾಲುತ್ತಾನೆ. ಎರಡನೆಯದು ಛಾಯಾಚಿತ್ರಕಾರರ ಬೆನ್ನುಚೀಲ. ಒಳಗೆ ಮೆತ್ತೆಯ ಗೋಡೆಗಳು, ಬೇಕಾದಂತೆ ಸರಿಸಬಹುದಾದ ಖಾನೆಗಳು. ಮೈಕಿಗೆ ತಾಯಿಯ ಮಡಿಲು. ಆದರೆ ಆ ಮೆತ್ತೆಯ ಭಾರವೇ ಸಾಕಷ್ಟಾಗುತ್ತದೆ. ಅಲ್ಲದೆ ಅದರ ರೂಪವೇ ಒಳಗೆ ಬೆಲೆಬಾಳುವ ವಸ್ತುವಿದೆಯೆಂದು ಕಳ್ಳನಿಗೆ ಸಾರಿ ಹೇಳುತ್ತದೆ. ಮೂರನೆಯದು ಪರ್ವತಾರೋಹಿಯ ಚೀಲ. ಇದರ ಸೊಂಟದ ಪಟ್ಟಿ ಒಂದು ವರವೇ ಸರಿ; ಭಾರದ ಬಹುಭಾಗವನ್ನು ಹೆಗಲಿನಿಂದ ಇಳಿಸಿ ಸೊಂಟದ ಮೂಳೆಯ ಮೇಲೆ ಕೂರಿಸುತ್ತದೆ. ದೋಷವೇನೆಂದರೆ ಬಾಯಿ ಮೇಲ್ಗಡೆ ಮಾತ್ರ, ಒಳಗೆ ಬಾವಿ. ಬೇಕಾದ ವಸ್ತು ಯಾವಾಗಲೂ ತಳದಲ್ಲಿರುತ್ತದೆ.

ಅನುಭವಿಗಳು ಕಡೆಗೆ ಬಂದು ನಿಲ್ಲುವ ಉಪಾಯ ಸರಳವಾದದ್ದು. ಪೆಟ್ಟಿಗೆಯಂತೆ ಮುಂಭಾಗ ಪೂರ್ತಿ ತೆರೆಯುವ, ಸೊಂಟದ ಪಟ್ಟಿಯುಳ್ಳ ಸಾಧಾರಣ ಗಾತ್ರದ ಬೆನ್ನುಚೀಲ ಒಂದು. ಅದರೊಳಗೆ ಊಟದ ಡಬ್ಬಿಯ ಚೀಲದಷ್ಟು ಚಿಕ್ಕದಾದ ಇನ್ನೊಂದು ಮೆತ್ತನೆಯ ಚೀಲ. ರೆಕಾರ್ಡರು, ಬಲವರ್ಧಕ, ಬ್ಯಾಟರಿ ಮೂರನ್ನೂ ಮನೆಯಲ್ಲಿಯೇ ತಂತಿ ಜೋಡಿಸಿ ಈ ಒಳಚೀಲದಲ್ಲಿ ಇಟ್ಟಿರುತ್ತಾರೆ. ಸ್ಥಳಕ್ಕೆ ಬಂದೊಡನೆ ಅದನ್ನು ಹೊರತೆಗೆದು ಎರಡು ಮೈಕಿನ ಕೇಬಲ್ ಸಿಕ್ಕಿಸಿದರೆ ಕೆಲಸ ಶುರು. ಸ್ಟ್ಯಾಂಡಿಗೆ ಪ್ರತ್ಯೇಕವಾದ ಉದ್ದ ಗವಸು. ಅದನ್ನು ಬೆನ್ನುಚೀಲದ ಪಕ್ಕಕ್ಕೆ ಬಿಗಿದವರು ಜನಸಂದಣಿಯಲ್ಲಿ ತಿರುಗಿದಾಗ ಹಿಂದಿನವರ ಕಿವಿಗೆ ಬಡಿದು ಬೈಸಿಕೊಂಡಿದ್ದಾರೆ. ಕೈಯಲ್ಲಿ ಹಿಡಿಯುವುದೇ ಲೇಸು, ಮೆಟ್ಟಿಲಿನಲ್ಲಿ ಊರುಗೋಲೂ ಆಗುತ್ತದೆ. ದ್ವಾರದಲ್ಲಿ ಚೀಲದ ಅಳತೆಗೂ ಖಾನೆಗಳಿಗೂ ಕಟ್ಟುಪಾಡು ಇರುವುದುಂಟು, ಅದು ಆಗಾಗ ಬದಲಾಗುವುದೂ ಉಂಟು. ಕೊಳ್ಳುವ ಮೊದಲೇ ವಿಚಾರಿಸದವನು ನೂರಾರು ಡಾಲರಿನ ಚೀಲವನ್ನು ಕಾರಿನಲ್ಲಿ ಬಿಟ್ಟು ಯಂತ್ರಗಳನ್ನು ತರಕಾರಿ ಚೀಲದಲ್ಲಿ ಹೊರಬೇಕಾದೀತು.

ಚೀಲದ ನಿಜವಾದ ಪರೀಕ್ಷೆ ನಡೆಯುವುದು ಕುಳಿತ ಮೇಲೆ. ದೀಪಗಳು ಆರುತ್ತವೆ. ಮೈಕು ಮೇಲೆ ನಿಂತಿದೆ. ಅದಕ್ಕೆ ಕಣ್ಣಿಲ್ಲ, ಇರುವುದು ಬರಿಯ ಕಿವಿ. ವೇದಿಕೆಯ ಮೇಲೆ ತಂತಿವಾದ್ಯವೊಂದು ಮೆಲ್ಲಮೆಲ್ಲನೆ ಇಳಿಯುತ್ತಿರುವಾಗ ಯಾರಾದರೂ ವೆಲ್ಕ್ರೋ ಪಟ್ಟಿಯನ್ನು ಪರ್ರೆಂದು ಕಿತ್ತರೆ, ಆ ಸದ್ದು ಹಾಡಿನೊಡನೆ ಚಿರಸ್ಥಾಯಿಯಾಗುತ್ತದೆ. ಆದ್ದರಿಂದ ಬಲ್ಲವರು ವೆಲ್ಕ್ರೋ ಇರುವ ಚೀಲವನ್ನು ಮುಟ್ಟುವುದಿಲ್ಲ. ಜಿಪ್ಪಿನ ಲೋಹದ ತುದಿಗಳನ್ನು ಕತ್ತರಿಸಿ ದಾರದ ಕುಣಿಕೆ ಕಟ್ಟುತ್ತಾರೆ. ಅಂಗಡಿಯಲ್ಲಿ ಚೀಲವನ್ನು ಕಿವಿಯ ಹತ್ತಿರ ಹಿಡಿದು ತೆರೆದು ಮುಚ್ಚಿ ನೋಡುವ ಗಿರಾಕಿಯನ್ನು ಕಂಡು ಮಾರುವವನು ಬೆರಗಾದರೆ ಆಶ್ಚರ್ಯವಿಲ್ಲ.

ಕ್ಯಾಸೆಟ್ ಕಾಲದಲ್ಲಿ ಇದಕ್ಕಿಂತ ಕಠಿಣವಾದ ಪರೀಕ್ಷೆಯೊಂದಿತ್ತು. 90 ನಿಮಿಷದ ಕ್ಯಾಸೆಟ್ಟಿಗೆ ಮಗ್ಗುಲೊಂದಕ್ಕೆ 45 ನಿಮಿಷ. ಕಚೇರಿಯೋ ಮೂರು ಗಂಟೆ. ಸಂಗೀತಗಾರರು ಕ್ಯಾಸೆಟ್ಟಿನ ಅಳತೆಗೆ ನುಡಿಸುವವರಲ್ಲ. ಹಾಡು ಅರ್ಧದಲ್ಲಿರುವಾಗ ಟೇಪು ಮುಗಿದರೆ, ಕತ್ತಲಲ್ಲಿ, ಕೆಲವೇ ಕ್ಷಣಗಳಲ್ಲಿ ಮಗುಚಬೇಕು ಇಲ್ಲವೆ ಹೊಸದನ್ನು ತುಂಬಬೇಕು. ಹೊಸ ಕ್ಯಾಸೆಟ್ಟು ಎಲ್ಲಿ? ಸ್ವೆಟರಿನ ಕೆಳಗೆ! ಆ ಕಾಲದ ಮುದ್ರಣಗಳನ್ನು ಕೇಳಿದವರಿಗೆ ಗೊತ್ತು. ರಾಗ ಏರುತ್ತ ಏರುತ್ತ ಶಿಖರವನ್ನು ಮುಟ್ಟುವ ಹೊತ್ತಿಗೆ ಥಟ್ಟನೆ ಮೌನ, ಮತ್ತೆ ಕೇಳಿಸುವುದು ಚಪ್ಪಾಳೆ. ಮುದ್ರಿಸಿಕೊಂಡವನು ಅವನೊಬ್ಬನೇ ಆಗಿದ್ದರೆ ಆ ಶಿಖರವನ್ನು ಇನ್ನಾರೂ ಕೇಳುವಂತಿಲ್ಲ. ಚೀಲಕ್ಕೆ ಹೊರಮೈಯಲ್ಲಿ ಒಂದು ಜೇಬಿದ್ದಿದ್ದರೆ ಅದು ಉಳಿಯುತ್ತಿತ್ತು. ಇಂದು 24 ಬಿಟ್ಟಿನ ಮುದ್ರಣಕ್ಕೂ ಗಂಟೆಗೆ ಒಂದು ಗಿಗಾಬೈಟಿನಷ್ಟು ಸ್ಥಳ ಸಾಕು. ಉಗುರಿನಗಲದ ಕಾರ್ಡು ಇಡೀ ಉತ್ಸವವನ್ನು ನುಂಗುತ್ತದೆ. ಆದರೂ ಹಳಬರು ಈಗಲೂ ಬ್ಯಾಟರಿಗೆ ಎಡಜೇಬು, ಕಾರ್ಡಿಗೆ ಬಲಜೇಬು ಎಂದು ಗೊತ್ತುಮಾಡಿಕೊಂಡು, ಮನೆಯಲ್ಲಿ ಕಣ್ಣು ಮುಚ್ಚಿ ಕೈಯಾಡಿಸಿ ಅಭ್ಯಾಸ ಮಾಡುವುದುಂಟು.

ಬೆಟ್ಟದ ಹವೆಯನ್ನೂ ಮರೆಯುವಂತಿಲ್ಲ. ಬೇಸಗೆಯ ಅಪರಾಹ್ನ ಪರ್ವತದ ಕಡೆಯಿಂದ ಮೋಡಗಳು ದಿಢೀರನೆ ಇಳಿದು, ಬಂಡೆಗಳು ಕಪ್ಪಾಗುವಷ್ಟರಲ್ಲಿ ಮಳೆ ಹೊಡೆಯುತ್ತದೆ. ಮಾಡಿಲ್ಲದ ರಂಗಮಂದಿರ, ಶ್ರೋತೃ ನೆನೆದರೆ ಒಣಗುತ್ತಾನೆ, ಕಂಡೆನ್ಸರ್ ಮೈಕು ಒದ್ದೆಯಾದರೆ ಚಟಚಟನೆ ಸಿಡಿಯತೊಡಗುತ್ತದೆ. ಚೀಲಕ್ಕೆ ತೊಡಿಸುವ ಮಳೆಗವಸು, ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ, ಇವಕ್ಕೆ ತೂಕವಿಲ್ಲ. ಬಿಟ್ಟುಬರಲು ಕಾರಣವೂ ಇಲ್ಲ. ಮಿಂಚು ಕಂಡಾಗ ಲೋಹದ ಸ್ಟ್ಯಾಂಡನ್ನು ಮಡಚಲೇಬೇಕು. ಅಲ್ಲಿ ಹವ್ಯಾಸದ ಹಟ ಕೂಡದು. ರಾತ್ರಿಯ ಚಳಿಗೆ ಬ್ಯಾಟರಿಯ ಶಕ್ತಿಯೂ ಕುಂದುತ್ತದೆ. ಸ್ವೆಟರು ಯಜಮಾನನಿಗೋ ಯಂತ್ರಕ್ಕೋ ಎಂಬ ಪ್ರಶ್ನೆ ಎದ್ದಾಗ ಅನೇಕರು ಯಂತ್ರಕ್ಕೇ ಹೊದಿಸಿ ನಡುಗುತ್ತ ಕುಳಿತಿದ್ದಾರೆ.

ಹೀಗೆ ಹೊತ್ತು ತಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಹಿಂದೆ ಖಾಲಿ ಕ್ಯಾಸೆಟ್ಟನ್ನೂ ಅಂಚೆವೆಚ್ಚವನ್ನೂ ಕಳಿಸಿದ ಅಪರಿಚಿತನಿಗೆ ಪ್ರತಿ ಮಾಡಿಕೊಡುತ್ತಿದ್ದರು. 2002ರಿಂದೀಚೆಗೆ ಇಂಟರ್ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಭಂಡಾರದಲ್ಲಿ, ಒಪ್ಪಿಗೆಯಿತ್ತ ವೃಂದಗಳ ಕಚೇರಿಗಳು ಸಾವಿರಾರು ಸಂಖ್ಯೆಯಲ್ಲಿ ಶೇಖರವಾಗಿವೆ. ಅಲ್ಲಿ ಪ್ರತಿ ಮುದ್ರಣದ ಜೊತೆಗೆ ಯಾವ ಮೈಕು, ಯಾವ ಯಂತ್ರ, ಎಲ್ಲಿ ಕುಳಿತು ಮುದ್ರಿಸಿದ್ದು ಎಂಬ ವಿವರ ಬರೆದಿರುತ್ತಾರೆ. ಹೊತ್ತ ಚೀಲ ಯಾವುದೆಂದು ಮಾತ್ರ ಯಾರೂ ಬರೆಯುವುದಿಲ್ಲ.

ಕಚೇರಿ ಮುಗಿದು ಜನ ಇಳಿಯತೊಡಗುತ್ತಾರೆ. ಟೇಪರುಗಳು ಅವಸರಪಡುವುದಿಲ್ಲ; ಸ್ಟ್ಯಾಂಡು ಇಳಿಸಿ, ಕೇಬಲ್ಲುಗಳನ್ನು ಮೊಣಕೈಗೆ ಸುತ್ತದೆ ಅಂಗೈಯಲ್ಲಿ ಸಡಿಲವಾಗಿ ಸುರುಳಿಮಾಡಿ, ಎಲ್ಲವನ್ನೂ ಅದದರ ಖಾನೆಗೆ ಸೇರಿಸುತ್ತಾರೆ. ಬಂಡೆಗಳ ಮೇಲಿನ ದೀಪಗಳು ಒಂದೊಂದಾಗಿ ಆರುತ್ತವೆ. ಏರುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮೊಣಕಾಲಿಗೆ. ಸೊಂಟದ ಪಟ್ಟಿಯನ್ನು ಬಿಗಿಮಾಡಿ ಮೊದಲ ಮೆಟ್ಟಿಲಿಗೆ ಕಾಲಿಡುವ ಮುನ್ನ ಕೈ ತಾನಾಗಿ ಎದೆಯನ್ನು ತಟ್ಟಿ ನೋಡುತ್ತದೆ. ಆ ರಾತ್ರಿಯ ಕಾರ್ಡನ್ನು ಯಾವ ಚೀಲಕ್ಕೂ ಒಪ್ಪಿಸಿರುವುದಿಲ್ಲ. ಅದು ಅಂಗಿಯ ಜೇಬಿನಲ್ಲಿ, ಗುಂಡಿ ಹಾಕಿದ ಜೇಬಿನಲ್ಲಿ ಇರುತ್ತದೆ.