ಯಾವುದು ಮೊದಲೋ ಅದು

ಆಗುಂಬೆ ಘಾಟಿಯ ಅರ್ಧಕ್ಕಿಂತ ಹೆಚ್ಚು ತಿರುವು ಇಳಿದಾಗಿತ್ತು. 2021ರ ಡಿಸೆಂಬರ್. ಉಡುಪಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಹಿಂದಿನ ಸೀಟಿನಲ್ಲಿ ಅಮ್ಮ, ಪಕ್ಕದಲ್ಲಿ ಅಪ್ಪ. ಒಂದು ತಿರುವಿಗೆ ಮುಂಚೆ ಬ್ರೇಕ್ ಒತ್ತಿದೆ. ಒದ್ದೆ ಸ್ಪಂಜನ್ನು ತುಳಿದ ಹಾಗೆ ಪೆಡಲ್ ನೆಲದವರೆಗೆ ಹೋಯಿತು.

“ಎರಡಕ್ಕೆ ಹಾಕು. ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳಿ, ಒಂದೇ ಸಲ ಎಳೀಬೇಡ” ಎಂದರು ಅಪ್ಪ. ದನಿ ಏರಲೇ ಇಲ್ಲ. ಗೋಡೆಯ ಬದಿಗೆ ಕಾರು ನಿಂತಾಗ ನನ್ನ ಕೈ ನಡುಗುತ್ತಿತ್ತು. ಅಮ್ಮ ಏನಾಯಿತೆಂದು ಕೇಳಿದಳು. “ಬಿಸಿಯಾಗಿದೆ, ಆರಲಿ” ಎಂದಷ್ಟೇ ಹೇಳಿ ಅಪ್ಪ ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟರು.

ಮುಕ್ಕಾಲು ಗಂಟೆ ನಿಂತೆವು. ಪೆಡಲ್ ಮತ್ತೆ ಗಟ್ಟಿಯಾಯಿತು. ಮೊದಲನೇ ಗೇರಿನಲ್ಲೇ ಸೋಮೇಶ್ವರಕ್ಕೆ ಇಳಿದು, ಹೆಬ್ರಿಯ ಗ್ಯಾರೇಜ್ ಮುಟ್ಟಿದೆವು. ಮೆಕ್ಯಾನಿಕ್ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ತೋರಿಸಿದ. ತಿಳಿ ಜೇನಿನ ಬಣ್ಣ ಇರಬೇಕಾದದ್ದು ಕಷಾಯದಂತಾಗಿತ್ತು. ಅದು ಗಾಳಿಯ ತೇವವನ್ನು ವರ್ಷಗಟ್ಟಲೆ ಹೀರುತ್ತಲೇ ಇರುತ್ತದಂತೆ. ಘಾಟಿಯಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಕಾವಿಗೆ ಆ ನೀರು ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಅಷ್ಟೆ. ಮೂರನೇ ಗೇರಿನಲ್ಲಿ ಇಳಿದದ್ದು ನನ್ನದೇ ತಪ್ಪು.

“ಯಾವಾಗ ಬದಲಾಯಿಸಿದ್ದು?” ಅಪ್ಪ ಕೇಳಿದರು.

“ಅಪ್ಪಾ, ಆರು ವರ್ಷಕ್ಕೆ ಓಡಿದ್ದೇ ಮೂವತ್ತೆಂಟು ಸಾವಿರ. ಕೊರೋನಾ ಬಂದಮೇಲೆ ಮನೆ ಮುಂದೆಯೇ ನಿಂತಿತ್ತಲ್ಲ.”

“ನಿಂತದ್ದೂ ಲೆಕ್ಕವೇ ಮಾರಾಯ್ತಿ.”

ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಸರ್ವೀಸಿನ ಪ್ರತಿ ಸಾಲಿನಲ್ಲೂ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದಿರುತ್ತದೆ. ನಾನು ಸಾಲಿನ ಮೊದಲರ್ಧ ಮಾತ್ರ ಓದಿದವಳು. ಕಿಲೋಮೀಟರ್ ಆಗಿಲ್ಲ, ಹಾಗಾಗಿ ಖರ್ಚೂ ಇಲ್ಲ ಎಂದು 2019ರ ನಂತರ ಗ್ಯಾರೇಜಿನ ಕಡೆ ತಲೆಹಾಕಿರಲಿಲ್ಲ. ಬ್ಯಾಟರಿ ಸತ್ತಾಗ ಪಕ್ಕದ ಮನೆಯವರ ಕಾರಿನಿಂದ ವೈರು ಕೊಟ್ಟು ಎಬ್ಬಿಸಿದ್ದೇ ನನ್ನ ನಿರ್ವಹಣೆ.

ಮದುವೆ ಮುಗಿಸಿ ತೀರ್ಥಹಳ್ಳಿಗೆ ಬಂದ ರಾತ್ರಿ ಅಪ್ಪ ಕಪಾಟಿನಿಂದ ಉದ್ದನೆಯ ರಟ್ಟಿನ ನೋಟ್‌ಬುಕ್ ತೆಗೆದುಕೊಟ್ಟರು. ಮೇಲೆ ‘ಶ್ರೀ’, ಕೆಳಗೆ ‘ಕಾರು’. 2001ರಲ್ಲಿ ಕೊಂಡ ಮಾರುತಿ 800ರ ಲೆಕ್ಕ. ಆ ಕಾರು ಮಾರಿ ವರ್ಷಗಳೇ ಆಗಿವೆ, ಪುಸ್ತಕ ಮಾತ್ರ ಉಳಿದಿದೆ. ಐದು ಕಾಲಮ್ಮು: ತಾರೀಖು, ಕಿಲೋಮೀಟರ್, ಕೆಲಸ, ರೂಪಾಯಿ, ಕೊನೆಯದು ‘ಮುಂದೆ’. ಅಪ್ಪನ ಕ್ಯಾಲೆಂಡರಿಗೆ ಎರಡೇ ದಿನ. ಯುಗಾದಿಗೆ ಆಯಿಲ್, ಫಿಲ್ಟರು. ಆಯುಧಪೂಜೆಗೆ ಬ್ರೇಕು, ಟಯರು, ಬ್ಯಾಟರಿ, ವೈಪರು. ನಾವೆಲ್ಲ ಆಯುಧಪೂಜೆ ಎಂದರೆ ಕಾರು ತೊಳೆದು ಚೆಂಡುಹೂ ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಡುವುದು ಎಂದುಕೊಂಡಿದ್ದೆವು. ಅಪ್ಪ ಅದರ ಮುಂಚಿನ ವಾರ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಬಂದಿರುತ್ತಿದ್ದರು.

ದುಡ್ಡಿನ ಲೆಕ್ಕ ನನಗೆ ಇನ್ನೂ ಹಿಡಿಸಿತು. ಕಾರು ಮನೆಗೆ ಬಂದ ತಿಂಗಳಲ್ಲೇ ಅಂಚೆ ಕಚೇರಿಯಲ್ಲಿ ತಿಂಗಳಿಗೆ 200 ರೂಪಾಯಿಯ ಆರ್.ಡಿ. ಶುರುಮಾಡಿದ್ದಾರೆ. ಐದು ವರ್ಷದ್ದು. ಹೊಸ ಕಾರು ಮೊದಲ ಮೂರು ವರ್ಷ ಹೆಚ್ಚೇನೂ ಕೇಳುವುದಿಲ್ಲ. ಆಯಿಲ್, ಫಿಲ್ಟರು ಅಷ್ಟೆ. ಆಮೇಲೆ ಬ್ಯಾಟರಿ, ಟಯರು, ಬೆಲ್ಟು, ಕ್ಲಚ್ಚು ಎಲ್ಲವೂ ಮಾತಾಡಿಕೊಂಡವರ ಹಾಗೆ ಒಟ್ಟಿಗೆ ಬಂದು ನಿಲ್ಲುತ್ತವೆ. ಆ ಹೊತ್ತಿಗೆ ಆರ್.ಡಿ. ಕೈಗೆ ಬರಬೇಕು ಎನ್ನುವುದು ಅವರ ಯೋಜನೆ. ನಾನೋ, ಕಾರಿನ ಸಾಲದ ಕಂತು ಮುಗಿದ ತಿಂಗಳು ಹೋಟೆಲಿನಲ್ಲಿ ಊಟ ಮಾಡಿ ಸಂಭ್ರಮಿಸಿದವಳು.

ಪುಟ ತಿರುಗಿಸುತ್ತ ಹೋದೆ. ‘ನಾಲ್ಕು ಟಯರ್. ಮುಂದೆ: 2006 ದಸರಾ.’ ಆರನ್ನು ಹೊಡೆದು ಏಳು ಮಾಡಲಾಗಿತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಎರಡೇ ಪದ: ‘ಘಾಟಿ ಬೇಡ.’

ಆರ್.ಡಿ. ಕೈಗೆ ಬಂದದ್ದು 2006ರ ಜೂನ್. ನಾನು ಮಂಗಳೂರಿನಲ್ಲಿ ಕಾಲೇಜಿಗೆ ಸೇರಿದ್ದು ಅದರ ಮರುತಿಂಗಳು. ಹಾಸ್ಟೆಲಿಗೆ ಎಲ್ಲ ಹುಡುಗಿಯರೂ ಅಪ್ಪಂದಿರ ಕಾರಿನಲ್ಲಿ ಬಂದಿಳಿದರೆ, ನಾವಿಬ್ಬರು ಬಸ್ಸಿನಲ್ಲಿ, ಟ್ರಂಕು, ಹಾಸಿಗೆ ಸುರುಳಿಯೊಂದಿಗೆ. ಗೇಟಿನ ಹತ್ತಿರ ಉರಿದುಬಿದ್ದಿದ್ದೆ: “ಕಾರು ಪೂಜೆಗೆ ಮಾತ್ರ ಇಟ್ಟಿರೋದಾ?” ಅಪ್ಪ ನಕ್ಕು, ಟ್ರಂಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಿದ್ದರು. ಇಡೀ ವರ್ಷ ನನ್ನನ್ನು ನೋಡಲು ಬಸ್ಸಿನಲ್ಲೇ ಬಂದರು. ನಾನು ಇಡೀ ವರ್ಷ ಮುನಿಸಿಕೊಂಡೇ ಇದ್ದೆ.

ಪುಸ್ತಕ ಮುಚ್ಚಿಟ್ಟೆ. ಅಪ್ಪ ಆಗಲೇ ಮಲಗಿದ್ದರು. ಅಡುಗೆಮನೆಯ ಮೇಜಿನ ಮೇಲೆ ಹಾಳೆಯೊಂದಕ್ಕೆ ಐದು ಗೆರೆ ಎಳೆದೆ. ಬ್ರೇಕ್ ಆಯಿಲ್, ಮುಂದೆ: 2023 ಡಿಸೆಂಬರ್. ಎಂಜಿನ್ ಆಯಿಲ್, ಓಡಲಿ ಬಿಡಲಿ, ವರ್ಷಕ್ಕೊಮ್ಮೆ. ಕೂಲೆಂಟ್ ಒಮ್ಮೆಯೂ ಬದಲಾಯಿಸಿದ ನೆನಪಿಲ್ಲ, ಹಾಗಾಗಿ ಈ ತಿಂಗಳೇ. ಟಯರ್ ಎಂದು ಬರೆದು ಮುಂದಿನ ಜಾಗ ಖಾಲಿ ಬಿಟ್ಟೆ. ನೋಡಲಿಕ್ಕೆ ಚೆನ್ನಾಗಿಯೇ ಇದ್ದವು, ಗೀರುಗಳೂ ಆಳವಾಗಿದ್ದವು.

ಬೆಳಿಗ್ಗೆ ಎದ್ದಾಗ ಅಪ್ಪ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಟಾರ್ಚ್ ಬಿಟ್ಟು ಟಯರಿನ ಬದಿಯಲ್ಲಿ ಏನನ್ನೋ ಓದುತ್ತಿದ್ದರು. ನಾಲ್ಕು ಅಂಕಿ: 1815. ಮೊದಲೆರಡು ವಾರ, ಕೊನೆಯೆರಡು ವರ್ಷ. 2015ರ ಹದಿನೆಂಟನೇ ವಾರ ತಯಾರಾದದ್ದು. ಬೆರಳಿನಿಂದ ರಬ್ಬರಿನ ಸಣ್ಣ ಬಿರುಕುಗಳನ್ನು ಸವರಿದರು.

“ಮೇಲಿಂದ ಗೊತ್ತಾಗಲ್ಲ. ವಾಪಸ್ ಹೋಗೋವಾಗ ಶಿವಮೊಗ್ಗದಲ್ಲೇ ಹಾಕಿಸ್ಕೊ” ಎಂದರು. ಮಂಡಿ ಹಿಡಿದು ಏಳುತ್ತ ಕೇಳಿದರು, “ದುಡ್ಡು ಇದೆಯಾ?”

ಇದೆ ಎಂದೆ.