ಶಿರಸಿಯಿಂದ ದೊಡ್ಡಪ್ಪನವರಿಗೆ

ಶಿರಸಿ

ತೀರ್ಥರೂಪ ಸಮಾನರಾದ ದೊಡ್ಡಪ್ಪನವರಿಗೆ,

ಮಾರಿಕಾಂಬೆಯ ದರ್ಶನವಾಯಿತು, ನಿಮ್ಮ ಹೆಸರಿನಲ್ಲಿ ಉಡಿಯನ್ನೂ ತುಂಬಿಸಿದ್ದೇನೆ. ಗೋಡೆಗಳ ಮೇಲಿನ ಕಾವಿ ಚಿತ್ರಗಳ ವಿಚಾರ ಬರೆಯಹೋದರೆ ಅದಕ್ಕೇ ಬೇರೆ ಕಾಗದ ಬೇಕು. ಈ ಕಾಗದ ನಮ್ಮೂರ ಮಾರಿಹಬ್ಬದ ವಿಚಾರ. ಹಿರಿಯರು ನಡೆಸಿಕೊಂಡು ಬಂದ ಕೋಣನ ಬಲಿಯನ್ನು ಬಿಟ್ಟರೆ ಅಮ್ಮ ಮುನಿಯುತ್ತಾಳೆ ಎನ್ನುತ್ತೀರಲ್ಲ, ಆ ಮಾತಿಗೆ ಉತ್ತರ ಈ ಗುಡಿಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಇಲ್ಲಿಯ ದೇವಿ ಮರದವಳು. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಮುಂಚೆ ಅವಳಿಗೆ ಹೊಸ ಬಣ್ಣವಾಗಬೇಕು. ರಥವೇರಿ ಬಿಡ್ಕಿಬೈಲಿನ ಜಾತ್ರೆಯ ಗದ್ದುಗೆಗೆ ಹೋಗಿ ಬಂದ ಮೇಲೆ ಯುಗಾದಿಯಂದು ಮತ್ತೆ ಪ್ರತಿಷ್ಠೆಯಾಗಬೇಕು. ಹಳೆಯದನ್ನು ಕಳಚಿ ಹೊಸದಾಗಿ ನಿಲ್ಲುವುದನ್ನೇ ಸಂಪ್ರದಾಯ ಮಾಡಿಕೊಂಡಿರುವ ದೇವಿಯ ಹೆಸರು ಹೇಳಿ, ಏನನ್ನೂ ಬದಲಿಸಬಾರದು ಎಂದು ವಾದಿಸುವುದು ಹೇಗೆ?

ಈ ಜಾತ್ರೆಯಲ್ಲೂ ಕೋಣನ ಬಲಿಯಿತ್ತು. 1934ರಲ್ಲಿ ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧದ ಯಾತ್ರೆಯಲ್ಲಿ ಶಿರಸಿಗೆ ಬಂದರು. ಬಲಿ ನಿಂತದ್ದೂ ದಲಿತರಿಗೆ ಗುಡಿಯ ಬಾಗಿಲು ತೆರೆದದ್ದೂ ಆ ಕಾಲದಲ್ಲೇ. ಇವೆರಡೂ ಕೂಡಿ ಬಂದದ್ದು ಆಕಸ್ಮಿಕವಲ್ಲ. ಮಾರಿಯ ಕಥೆ ನಿಮಗೆ ಗೊತ್ತಿರುವುದೇ: ತಾನು ದಲಿತನೆಂಬುದನ್ನು ಮರೆಸಿ ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದವನು, ನಿಜ ತಿಳಿದು ಮಾರಿಯಾದ ಅವಳು, ಅವಳ ಕೋಪಕ್ಕೆ ಸಿಕ್ಕಿ ಕೋಣನಾದ ಅವನು. ಹಬ್ಬದ ಹಬ್ಬಕ್ಕೆ ಕೋಣನ ತಲೆ ಉರುಳಿದಾಗ ಒಂದು ಜಾತಿಗೆ ಅದರ 'ತಪ್ಪು' ನೆನಪಿಸಿದಂತಾಗುತ್ತಿತ್ತು. ಬಲಿಯನ್ನು ಇಟ್ಟುಕೊಂಡು ಬಾಗಿಲು ತೆರೆದಿದ್ದರೆ ಒಳಗೆ ಬಂದವರಿಗೆ ಎಂಥ ಮರ್ಯಾದೆ ಸಿಗುತ್ತಿತ್ತು, ಹೇಳಿ.

ಶಿರಸಿಯಲ್ಲಿ ಆದದ್ದು ಹೊರಗಿನವರ ಒತ್ತಾಯದಿಂದ ಎನ್ನಬಹುದು. ಒತ್ತಾಯಕ್ಕೆ ಮಣಿದದ್ದಾದರೆ ಒತ್ತಾಯ ಸರಿದ ಮೇಲೆ ಹಳೆಯದು ಮರಳುತ್ತದೆ. ಇಲ್ಲಿ ತೊಂಬತ್ತು ವರ್ಷ ಕಳೆದರೂ ಮರಳಿಲ್ಲ, ಪ್ರಾಣ ತೆಗೆಯದ ಸಾತ್ವಿಕ ಬಲಿಯೇ ನಡೆದಿದೆ. ಪ್ರಾಣಿಬಲಿ ತಡೆಯುವ ಕಾನೂನು ನಮ್ಮ ರಾಜ್ಯಕ್ಕೆ ಬಂದದ್ದು 1959ರಲ್ಲಿ. ಆ ಕಾನೂನಿದ್ದೂ ಎಷ್ಟೋ ಊರುಗಳಲ್ಲಿ ಕದ್ದುಮುಚ್ಚಿ ಬಲಿ ನಡೆಯುತ್ತದೆ. ಶಿರಸಿ ಕಾನೂನಿಗೆ ಕಾಯಲಿಲ್ಲ. ಅಮ್ಮ ಮುನಿದ ಲಕ್ಷಣವಂತೂ ಕಾಣುವುದಿಲ್ಲ: ರಾಜ್ಯದ ಅತಿ ದೊಡ್ಡ ಜಾತ್ರೆಗಳ ಸಾಲಿನಲ್ಲಿ ಇದೂ ಒಂದು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವ ಆಕ್ಷೇಪ ಬೇರೆ. ಬಲಿ ಬಿಡಿಸುವ ನೆಪದಲ್ಲಿ ಸಸ್ಯಾಹಾರಿಗಳು ತಮ್ಮ ಎಲೆಯನ್ನೇ ಊರಿಗೆಲ್ಲ ಹಾಸುತ್ತಾರೆ ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ. ಹಬ್ಬಕ್ಕೆ ಮನೆಯಲ್ಲಿ ಏನು ಬೇಯಬೇಕು ಎಂಬುದು ಆ ಮನೆಯವರಿಗೆ ಬಿಟ್ಟದ್ದು, ಗುಡಿಯ ಸಮಿತಿಗೆ ಅದರಲ್ಲಿ ಕೆಲಸವಿಲ್ಲ. ಬಲಿ ನಿಲ್ಲಿಸಿ ಬಾಗಿಲು ಮಾತ್ರ ಹಾಗೇ ಮುಚ್ಚಿಟ್ಟರೆ ಅದು ಸುಧಾರಣೆಯಲ್ಲ, ಬರೀ ಮಡಿ.

ಆದ್ದರಿಂದ ದೊಡ್ಡಪ್ಪ, ಹಬ್ಬಕ್ಕೆ ಊರವರು ಸಭೆ ಸೇರಿದಾಗ ಕೋಣನ ಮಾತಿಗೂ ಮುಂಚೆ ದಲಿತರಿಗೆ ನಮ್ಮ ಗುಡಿಯ ಬಾಗಿಲು ತೆರೆಯುವ ಮಾತು ಬರಲಿ. ಅದನ್ನು ನೀವೇ ಎತ್ತಬೇಕು. ನಿಮ್ಮ ಮಾತಿಗೆ ಎದುರಾಡುವವರು ಊರಲ್ಲಿ ಕಡಿಮೆ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ತಮ್ಮನ ಮಗ